ಬದಿ ತೆರೆದ ಕೋಳಿ ಮನೆಗೆ ಸೂಕ್ತ ನೆಲಹಾಸಿನ ಆಯ್ಕೆ

ಪೀಠಿಕೆ

ರಾಜ್ಯದಲ್ಲಿ ಮಾಂಸದ ಕೋಳಿಗಳನ್ನೂ, ಗಿರಿರಾಜ, ಸ್ವರ್ಣಧಾರ ಮುಂತಾದ ಸುಧಾರಿತ ತಳಿಗಳನ್ನೂ ಬಹುಪಾಲು ನೆಲದ ಮೇಲೆಯೇ ಸಾಕಲಾಗುತ್ತದೆ. ಇದಕ್ಕಾಗಿ ನಿರ್ಮಿಸುವ ಮನೆಗಳ ಎರಡು ಉದ್ದ ಬದಿಗಳಲ್ಲಿ ಒಂದರಿಂದ ಒಂದೂವರೆ ಅಡಿ ಎತ್ತರದ ಗೋಡೆ ಮಾತ್ರವಿದ್ದು, ಅದರ ಮೇಲೆ ಸೂರಿನವರೆಗೆ ತಂತಿ ಜಾಲರಿ ಇರುತ್ತದೆ. ನೆಲದ ಮೇಲೆ ಹರಡುವ ಹೊಟ್ಟು, ಸಿಪ್ಪೆ ಮುಂತಾದ ಒಣ ಪದಾರ್ಥಕ್ಕೆ ನೆಲಹಾಸು (ಲಿಟ್ಟರ್) ಎಂದು ಹೆಸರು. ಕೋಳಿಯು ಮರಿಯಾಗಿ ಬಂದ ದಿನದಿಂದ ಮಾರಾಟವಾಗುವ ದಿನದವರೆಗೆ ಈ ಹಾಸಿನ ಮೇಲೆಯೇ ನಡೆದಾಡಿ, ಮಲಗಿ, ಕೆದಕಿ ಬದುಕುತ್ತದೆ.

ಮರಿ, ಆಹಾರ ಮತ್ತು ಲಸಿಕೆಯ ಬಗ್ಗೆ ವಿಚಾರಿಸಿ ತಿಳಿದುಕೊಳ್ಳುವ ಸಾಕಾಣಿಕೆದಾರರು ಹಾಸಿನ ವಿಷಯದಲ್ಲಿ ಮಾತ್ರ ಆ ವಾರ ಅಗ್ಗವಾಗಿ ಸಿಕ್ಕಿದ್ದನ್ನು ತಂದು ಹರಡುವುದು ಸಾಮಾನ್ಯ. ಕಂಪನಿಗಳೊಂದಿಗೆ ಕರಾರು ಮಾಡಿಕೊಂಡು ಮಾಂಸದ ಕೋಳಿ ಸಾಕುವವರಲ್ಲಿ ಇದಕ್ಕೆ ಕಾರಣವೂ ಇದೆ. ಮರಿ, ಆಹಾರ ಮತ್ತು ಔಷಧಿ ಕಂಪನಿಯದಾದರೆ, ಮನೆ, ಕೂಲಿ, ವಿದ್ಯುತ್ ಮತ್ತು ಹಾಸು ಸಾಮಾನ್ಯವಾಗಿ ರೈತನ ಖರ್ಚಿಗೆ ಸೇರಿದವು. ಆದುದರಿಂದ ಉಳಿತಾಯಕ್ಕೆ ಮೊದಲು ಕೈಹಾಕುವುದು ಹಾಸಿಗೆ. ಆದರೆ ಹಾಸು ಕೆಟ್ಟಾಗ ಕೋಳಿ ತಿಂದ ಆಹಾರ ಮೈಗೆ ಹತ್ತುವುದಿಲ್ಲ. ತಿಂದ ಆಹಾರಕ್ಕೂ ಬಂದ ತೂಕಕ್ಕೂ ಇರುವ ಅನುಪಾತದ ಮೇಲೆ ಸಾಕಾಣಿಕೆ ದರ ನಿಗದಿಯಾಗುವುದರಿಂದ, ಹೊಟ್ಟಿನಲ್ಲಿ ಉಳಿಸಿದ ಹಣಕ್ಕಿಂತ ಹೆಚ್ಚಿನ ಹಣ ಲೆಕ್ಕ ಚುಕ್ತಾ ಆಗುವ ದಿನ ಕೈತಪ್ಪುತ್ತದೆ.

ಹಾಸು ಮಾಡಬೇಕಾದ ಕೆಲಸ

ಕೋಳಿಯು ತಾನು ತಿನ್ನುವ ಆಹಾರದ ಸುಮಾರು ಎರಡರಷ್ಟು ತೂಕದ ನೀರು ಕುಡಿಯುತ್ತದೆ. ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಮಾರಾಟದ ವಯಸ್ಸಿಗೆ ಬಂದ 1,000 ಮಾಂಸದ ಕೋಳಿಗಳಿರುವ ಮನೆಯಲ್ಲಿ ದಿನವೊಂದಕ್ಕೆ 300 ಲೀಟರಿನಷ್ಟು ನೀರು ಖರ್ಚಾಗುವುದು ಸಹಜ. ಇದರ ಒಂದಂಶ ಉಸಿರಿನ ಮೂಲಕ ಹೊರಹೋಗುತ್ತದೆ, ಒಂದಂಶ ದೇಹದಲ್ಲಿ ಉಳಿಯುತ್ತದೆ. ಉಳಿದುದೆಲ್ಲ ಹಿಕ್ಕೆಯೊಂದಿಗೆ ಹಾಸಿಗೆ ಬೀಳುತ್ತದೆ. ಕೋಳಿಗೆ ಪ್ರತ್ಯೇಕ ಮೂತ್ರ ವಿಸರ್ಜನೆ ಇಲ್ಲದಿರುವುದರಿಂದ ಹಸಿ ಹಿಕ್ಕೆಯಲ್ಲಿ ಸುಮಾರು ಮುಕ್ಕಾಲು ಭಾಗ ನೀರೇ ಇರುತ್ತದೆ.

ಇಷ್ಟು ನೀರನ್ನು ಹಾಸು ಹೀರಿ ಇಟ್ಟುಕೊಂಡರೆ ಸಾಲದು, ಅದನ್ನು ಗಾಳಿಗೆ ಬಿಟ್ಟುಕೊಡಲೂ ಬೇಕು. ಪೂರ್ಣ ಮುಚ್ಚಿದ ನಿಯಂತ್ರಿತ ವಾತಾವರಣದ ಮನೆಗಳಲ್ಲಿ ದೊಡ್ಡ ಫ್ಯಾನುಗಳು ಈ ತೇವವನ್ನು ಹೊರಗೆಳೆಯುತ್ತವೆ. ಬದಿ ತೆರೆದ ಮನೆಯಲ್ಲಿ ಆ ಕೆಲಸ ಬೀಸುವ ಗಾಳಿಯದು, ಮತ್ತು ಗಾಳಿ ಸಾಕಾಣಿಕೆದಾರನ ಹಿಡಿತದಲ್ಲಿಲ್ಲ. ಹಾಗಾಗಿ ಇಂತಹ ಮನೆಗೆ ಹಾಸನ್ನು ಆರಿಸುವಾಗ ಯಾವ ಪದಾರ್ಥ ಅತಿ ಹೆಚ್ಚು ನೀರು ಹೀರುತ್ತದೆ ಎಂಬುದಕ್ಕಿಂತ ಯಾವುದು ಬೇಗ ಒಣಗುತ್ತದೆ ಎಂಬುದನ್ನೇ ಮುಖ್ಯವಾಗಿ ಪರಿಗಣಿಸತಕ್ಕದ್ದು. ಬಹಳ ನೀರು ಕುಡಿದು ತಡವಾಗಿ ಒಣಗುವ ಪದಾರ್ಥವು ಬೇಸಿಗೆಯಲ್ಲಿ ಚೆನ್ನಾಗಿ ಕಂಡು, ಆಷಾಢದ ಮೋಡ ಕವಿದ ವಾತಾವರಣದಲ್ಲಿ ಒಂದೇ ವಾರದೊಳಗೆ ಕೆಸರಾಗುತ್ತದೆ.

ಹಾಸಿನ ತೇವಾಂಶ ಶೇ. 20ರಿಂದ 25ರ ನಡುವೆ ಇರುವುದು ಉತ್ತಮ. ಶೇ. 30 ದಾಟಿದರೆ ಹೆಂಟೆಗಟ್ಟಲು ಆರಂಭವಾಗುತ್ತದೆ. ಅತಿಯಾಗಿ ಒಣಗಿದರೂ ದೂಳು ಎದ್ದು ಮರಿಗಳ ಕಣ್ಣಿಗೆ ಮತ್ತು ಶ್ವಾಸಕೋಶಕ್ಕೆ ತೊಂದರೆಯಾಗುತ್ತದೆ. ಇದನ್ನು ತಿಳಿಯಲು ಯಾವ ಉಪಕರಣವೂ ಬೇಕಿಲ್ಲ. ಮನೆಯ ನಾಲ್ಕಾರು ಕಡೆಗಳಿಂದ ಒಂದೊಂದು ಮುಷ್ಟಿ ಹಾಸನ್ನು ತೆಗೆದು ಬಿಗಿಯಾಗಿ ಹಿಂಡಿ ಕೈ ಬಿಡಿಸಬೇಕು. ಉಂಡೆಯಾಗಿ ಹಾಗೆಯೇ ನಿಂತರೆ ತೇವ ಹೆಚ್ಚಾಗಿದೆ. ಸ್ವಲ್ಪ ಅಂಟಿಕೊಂಡು ಕೂಡಲೇ ಉದುರಿದರೆ ಸರಿಯಾಗಿದೆ. ಸ್ವಲ್ಪವೂ ಅಂಟದೆ ಬೆರಳ ಸಂದಿಯಿಂದ ಜಾರಿಹೋದರೆ ಅತಿಯಾಗಿ ಒಣಗಿದೆ ಎಂದು ತಿಳಿಯಬಹುದು.

ಹಾಸು ಒದ್ದೆಯಾದರೆ ಆಗುವ ಹಾನಿ

ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಸೂಕ್ಷ್ಮಾಣುಗಳು ಒಡೆದಾಗ ಅಮೋನಿಯಾ ಅನಿಲ ಉತ್ಪತ್ತಿಯಾಗುತ್ತದೆ. ತೇವ ಮತ್ತು ಶಾಖ ಹೆಚ್ಚಿದಂತೆ ಈ ಕ್ರಿಯೆಯೂ ವೇಗ ಪಡೆಯುತ್ತದೆ. ಗಾಳಿಯಲ್ಲಿ ಅಮೋನಿಯಾ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 25 ಭಾಗ ಮೀರಿದರೆ ಕೋಳಿಯ ಶ್ವಾಸನಾಳದ ಒಳಪದರಕ್ಕೆ ಹಾನಿಯಾಗಿ, ಸಿ.ಆರ್.ಡಿ., ಕೊಕ್ಕರೆ ರೋಗ ಮುಂತಾದ ಸೋಂಕುಗಳಿಗೆ ದಾರಿಯಾಗುತ್ತದೆ; ತೂಕ ಕುಂಠಿತಗೊಳ್ಳುತ್ತದೆ. ನಿತ್ಯ ಮನೆಯೊಳಗೆ ಕೆಲಸ ಮಾಡುವವರ ಮೂಗು ಈ ವಾಸನೆಗೆ ಒಗ್ಗಿಹೋಗಿರುತ್ತದೆ ಎಂಬುದನ್ನು ಮರೆಯಬಾರದು. ಜೊತೆಗೆ ನಿಂತ ಮನುಷ್ಯನ ಮೂಗಿಗೂ ನೆಲಕ್ಕೆ ಹತ್ತಿರವಿರುವ ಕೋಳಿಯ ಮೂಗಿಗೂ ತಲುಪುವ ಗಾಳಿ ಒಂದೇ ಅಲ್ಲ. ಬೆಳಿಗ್ಗೆ ಪರದೆ ಎತ್ತುವ ಮೊದಲು ಒಳಗೆ ಹೋಗಿ ಕೋಳಿಯ ಎತ್ತರಕ್ಕೆ ಕುಕ್ಕರಗಾಲಿನಲ್ಲಿ ಕುಳಿತು ಉಸಿರೆಳೆದುಕೊಳ್ಳುವುದು ಸರಿಯಾದ ಪರೀಕ್ಷೆ. ಕಣ್ಣು ಉರಿದರೆ ಹಾನಿ ಈಗಾಗಲೇ ಆರಂಭವಾಗಿದೆ.

ಎರಡನೆಯದು ರಕ್ತಭೇದಿ (ಕಾಕ್ಸಿಡಿಯೋಸಿಸ್). ಈ ರೋಗಾಣುವಿನ ತತ್ತಿಗಳು ಹಿಕ್ಕೆಯಲ್ಲಿ ಹೊರಬಂದ ಕೂಡಲೇ ರೋಗ ಹರಡುವ ಶಕ್ತಿ ಪಡೆದಿರುವುದಿಲ್ಲ. ತೇವ, ಗಾಳಿ ಮತ್ತು ಬೆಚ್ಚಗಿನ ವಾತಾವರಣ ಸಿಕ್ಕಲ್ಲಿ ಒಂದೆರಡು ದಿನಗಳಲ್ಲಿ ಅವು ಬಲಿತು, ಕೆದಕಿ ತಿನ್ನುವ ಕೋಳಿಗಳಿಗೆ ಸೋಂಕು ತಗಲಿಸುತ್ತವೆ. ಆಹಾರದಲ್ಲಿ ಔಷಧಿ ಬೆರೆಸಿದ್ದರೂ ಒದ್ದೆ ಹಾಸಿರುವ ಮನೆಗಳಲ್ಲಿ ರೋಗ ಮರುಕಳಿಸುವುದು ಇದೇ ಕಾರಣದಿಂದ. ಇವುಗಳಲ್ಲದೆ ಅಂಗಾಲು ಹುಣ್ಣು, ಎದೆಯ ಮೇಲಿನ ಬೊಬ್ಬೆ, ನೊಣಗಳ ಕಾಟ ಮತ್ತು ಅದರಿಂದ ನೆರೆಹೊರೆಯವರ ದೂರುಗಳು ಸಹ ಒದ್ದೆ ಹಾಸಿನಿಂದಲೇ ಹುಟ್ಟುತ್ತವೆ.

ಹಾಸಿಗೆ ಬಳಸಬಹುದಾದ ಪದಾರ್ಥಗಳು

ಭತ್ತದ ಹೊಟ್ಟು: ಬದಿ ತೆರೆದ ಮನೆಗಳಿಗೆ ಮೊದಲ ಆಯ್ಕೆ ಇದೇ. ಹೊಟ್ಟಿನ ಕಣಗಳು ದೋಣಿಯಾಕಾರದಲ್ಲಿದ್ದು ಒಂದರ ಮೇಲೊಂದು ಅಡಕವಾಗಿ ಕೂರದ ಕಾರಣ ನಡುವೆ ಗಾಳಿಯಾಡುತ್ತದೆ. ಮೇಲ್ಮೈಯಲ್ಲಿ ಸಿಲಿಕಾ ಅಂಶ ಹೆಚ್ಚಿರುವುದರಿಂದ ಬೇಗ ಕೊಳೆಯುವುದಿಲ್ಲ. ಇದು ನೀರು ಹೀರುವುದು ಕಡಿಮೆ ಎಂಬ ದೂರು ನಿಜವಾದರೂ, ಮೇಲೆ ವಿವರಿಸಿದ ಕಾರಣದಿಂದ ಅದು ದೊಡ್ಡ ಕೊರತೆಯಲ್ಲ. ಬೆಳಿಗ್ಗೆ ಒದ್ದೆಯಾದದ್ದು ಸಂಜೆಯೊಳಗೆ ಗಾಳಿಗೆ ಆರುತ್ತದೆ. ಗಿರಣಿಯಲ್ಲಿ ಕೊಳ್ಳುವಾಗ ಇಡಿಯಾದ ಹೊಟ್ಟನ್ನೇ ಕೇಳಿ ಪಡೆಯಬೇಕು. ತೌಡು ಮಿಶ್ರಿತವಾದ ಅಥವಾ ಪುಡಿಯಾದ ಹೊಟ್ಟು ದೂಳೆಬ್ಬಿಸುವುದಲ್ಲದೆ, ತೌಡಿನ ಎಣ್ಣೆಯಂಶದಿಂದ ಬೂಷ್ಟು ಹಿಡಿಯುತ್ತದೆ ಮತ್ತು ಮರಿಗಳು ಅದನ್ನು ಆಹಾರವೆಂದು ತಿನ್ನುತ್ತವೆ. ರಾಯಚೂರು, ಕೊಪ್ಪಳ, ಬಳ್ಳಾರಿ, ದಾವಣಗೆರೆ, ಶಿವಮೊಗ್ಗ ಮತ್ತು ಮಂಡ್ಯ ಜಿಲ್ಲೆಗಳ ಗಿರಣಿಗಳಲ್ಲಿ ಹೊಟ್ಟು ದೊರೆಯುತ್ತದೆ. ಆದರೆ ಗಿರಣಿಗಳ ಬಾಯ್ಲರುಗಳಿಗೆ, ಇಟ್ಟಿಗೆ ಗೂಡುಗಳಿಗೆ ಇದೇ ಉರುವಲಾಗಿರುವುದರಿಂದ ಕೊಯ್ಲಿನ ಹಂಗಾಮು ಮುಗಿದ ಮೇಲೆ ಬೆಲೆ ಏರುತ್ತದೆ. ಮಳೆಗಾಲದ ಬ್ಯಾಚಿಗೆ ಬೇಕಾದದ್ದನ್ನು ಬೇಸಿಗೆಯಲ್ಲಿಯೇ ಕೊಂಡು, ನೆಲದಿಂದ ಎತ್ತರದಲ್ಲಿ, ಮಳೆ ತಾಗದಂತೆ ಸಂಗ್ರಹಿಸಿಟ್ಟುಕೊಳ್ಳುವುದು ಲಾಭದಾಯಕ.

ಮರದ ಸುರುಳಿ ಚಕ್ಕೆ ಮತ್ತು ಮರದ ಹೊಟ್ಟು: ಬಡಗಿಯ ಉಜ್ಜುಗೊರಡಿನಿಂದ ಬರುವ ತೆಳು ಸುರುಳಿ ಚಕ್ಕೆಗಳು ನೀರನ್ನು ಚೆನ್ನಾಗಿ ಹೀರಿ ಬೇಗ ಒಣಗುತ್ತವೆ. ಗುಣದಲ್ಲಿ ಭತ್ತದ ಹೊಟ್ಟಿಗಿಂತ ಒಂದು ಕೈ ಮೇಲೆಂದೇ ಹೇಳಬಹುದು. ಬೇಕಾದಷ್ಟು ಪ್ರಮಾಣದಲ್ಲಿ ಸಿಗುವುದು ಕಷ್ಟ. ಗರಗಸದಿಂದ ಬರುವ ನುಣುಪಾದ ಮರದ ಹೊಟ್ಟಿಗೂ ಇದಕ್ಕೂ ಬಹಳ ವ್ಯತ್ಯಾಸವಿದೆ. ನುಣುಪು ಹೊಟ್ಟು ಅಡಕವಾಗಿ ಕೂತು ಹೆಂಟೆಗಟ್ಟುತ್ತದೆ, ಮತ್ತು ಹಸಿದ ಮರಿಗಳು ಅದನ್ನು ತಿಂದರೆ ಗಂಟಲಚೀಲ ಕಟ್ಟಿಕೊಳ್ಳುವ ಅಪಾಯವಿದೆ. ಹಸಿ ಮರ ಕೊಯ್ದ ಹೊಟ್ಟಿನಲ್ಲಿ ಬೂಷ್ಟು ಬೇಗ ಬೆಳೆಯುತ್ತದೆ. ಗೆದ್ದಲು ನಿರೋಧಕ ರಾಸಾಯನಿಕ ಬಳಿದ ಮರ, ಪ್ಲೈವುಡ್ ಮತ್ತು ಬಣ್ಣ ಹಚ್ಚಿದ ಹಳೆಯ ಮರದಿಂದ ಬಂದ ಪುಡಿಯನ್ನು ಯಾವ ಕಾರಣಕ್ಕೂ ಬಳಸಬಾರದು.

ಕಡಲೆಕಾಯಿ ಸಿಪ್ಪೆ: ಚಿತ್ರದುರ್ಗ, ತುಮಕೂರು ಜಿಲ್ಲೆಯ ಪಾವಗಡ ಮುಂತಾದ ಶೇಂಗಾ ಬೆಳೆಯುವ ಕಡೆಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಹಗುರವಾಗಿದ್ದು ತೇವವನ್ನು ಮಧ್ಯಮ ಪ್ರಮಾಣದಲ್ಲಿ ಹೀರುತ್ತದೆ. ಆದರೆ ನೆನೆದ ಸಿಪ್ಪೆಯಲ್ಲಿ ಆಸ್ಪರ್ಜಿಲಸ್ ಎಂಬ ಶಿಲೀಂಧ್ರ ಬೆಳೆಯುತ್ತದೆ. ಇದರ ಬೀಜಕಣಗಳನ್ನು ಉಸಿರಾಡಿದ ಎಳೆಯ ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತ ಮೊದಲ ವಾರದಲ್ಲಿಯೇ ಸಾಯುತ್ತವೆ. ಈ ರೋಗಕ್ಕೆ ಪರಿಣಾಮಕಾರಿ ಚಿಕಿತ್ಸೆ ಇಲ್ಲ. ಒಣ ಹಂಗಾಮಿನಲ್ಲಿ, ಹೊಸದಾಗಿ ಸುಲಿದ, ಕಪ್ಪು ಕಲೆಗಳಿಲ್ಲದ ಸಿಪ್ಪೆ ದೊರೆತರೆ ಮಾತ್ರ ಇದನ್ನು ಆರಿಸಬಹುದು.

ತೆಂಗಿನ ನಾರಿನ ಪುಡಿ: ತಿಪಟೂರು, ಅರಸೀಕೆರೆ ಮುಂತಾದ ತೆಂಗಿನ ಸೀಮೆಯಲ್ಲಿ ನಾರು ತೆಗೆಯುವ ಘಟಕಗಳ ಸುತ್ತ ರಾಶಿಯಾಗಿ ಬಿದ್ದಿರುವ ಈ ಪುಡಿ ತನ್ನ ತೂಕದ ಹಲವು ಪಟ್ಟು ನೀರನ್ನು ಹೀರಿಕೊಳ್ಳುತ್ತದೆ. ಈ ಗುಣವನ್ನೇ ನೋಡಿ ಮಾರುಹೋಗುವ ಮುನ್ನ ಎರಡು ಸಂಗತಿಗಳನ್ನು ಗಮನಿಸಬೇಕು. ಒಣಗಿದಾಗ ಇದು ವಿಪರೀತ ದೂಳೆಬ್ಬಿಸುತ್ತದೆ, ನೆನೆದಾಗ ಒಣಗಲು ಬಹಳ ಕಾಲ ಹಿಡಿಯುತ್ತದೆ. ಬಯಲಿನಲ್ಲಿ ಮಳೆಗೆ ನೆನೆದ ರಾಶಿಯ ಹೊರಗಿನ ಪದರ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಇದನ್ನು ಪೂರ್ತಿಯಾಗಿ ಬಿಸಿಲಿಗೆ ಒಣಗಿಸಿ, ಭತ್ತದ ಹೊಟ್ಟಿನೊಂದಿಗೆ ಬೆರೆಸಿ ಬಳಸುವುದು ಸೂಕ್ತ; ಮಿಶ್ರಣದಲ್ಲಿ ಹೊಟ್ಟಿನ ಪಾಲೇ ಹೆಚ್ಚಿರಲಿ.

ಮರಳು: ಬಯಲುಸೀಮೆಯ ಕೆಲವರು ಮರಳಿನ ಹಾಸನ್ನು ವಿಚಾರಿಸುತ್ತಾರೆ. ಬೇಸಿಗೆಯಲ್ಲಿ ತಂಪಾಗಿರುವುದು, ಕೊಳೆಯದಿರುವುದು ಇದರ ಗುಣ. ಆದರೆ 1,000 ಚದರ ಅಡಿಗೆ 3 ಅಂಗುಲ ಹರಡಲು ಸುಮಾರು 11 ಟನ್ ಬೇಕಾಗುತ್ತದೆ. ಮರಿಗಳಿಗೆ ಶಾಖ ಕೊಡುವ ದಿನಗಳಲ್ಲಿ ಬೆಚ್ಚಗಾಗಲು ತಡವಾಗುತ್ತದೆ, ಮತ್ತು ಬ್ಯಾಚು ಮುಗಿದ ನಂತರ ಮರಳು ಬೆರೆತ ಗೊಬ್ಬರವನ್ನು ಕೊಳ್ಳುವವರು ಸಿಗುವುದಿಲ್ಲ.

ಭತ್ತದ ಅಥವಾ ರಾಗಿಯ ಹುಲ್ಲನ್ನು ಇಡಿಯಾಗಿ ಹರಡಿದರೆ ಚಾಪೆಯಂತೆ ಹೆಣೆದುಕೊಂಡು ಅಡಿಯಲ್ಲಿ ಕೊಳೆಯುತ್ತದೆ. ಬೇರೆ ಗತಿಯಿಲ್ಲದಿದ್ದಲ್ಲಿ 1ರಿಂದ 2 ಅಂಗುಲಕ್ಕೆ ಕತ್ತರಿಸಿ ಬಳಸಬಹುದು. ಕಬ್ಬಿನ ಸಿಪ್ಪೆಯಲ್ಲಿ ಸಕ್ಕರೆಯಂಶ ಉಳಿದಿದ್ದರೆ ಹುಳಿತು ಬೂಷ್ಟು ಕಟ್ಟುತ್ತದೆ. ಮೆಕ್ಕೆಜೋಳದ ದಿಂಡಿನ ಪುಡಿಯದೂ ಬಹುತೇಕ ಇದೇ ಕಥೆ.

ಪ್ರದೇಶಕ್ಕೆ ತಕ್ಕ ಆಯ್ಕೆ

ರಾಯಚೂರು, ಕೊಪ್ಪಳದಂತಹ ಜಿಲ್ಲೆಗಳಲ್ಲಿ ವಾರ್ಷಿಕ ಮಳೆ ಕಡಿಮೆ, ಗಾಳಿ ಒಣ. ಅಲ್ಲಿ ಮೇಲೆ ಹೇಳಿದ ಯಾವುದೇ ಒಳ್ಳೆಯ ಪದಾರ್ಥ ನಡೆಯುತ್ತದೆ. ಬೇಸಿಗೆಯ ದೂಳಿನ ಬಗ್ಗೆ ಎಚ್ಚರ ವಹಿಸಿದರೆ ಸಾಕು. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಅಧಿಕ ಮಳೆಯಾಗುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಮಲೆನಾಡಿನ ಸ್ಥಿತಿಯೂ ಬಹುಮಟ್ಟಿಗೆ ಹೀಗೆಯೇ. ಅಲ್ಲಿ ಆ ಅವಧಿಯಲ್ಲಿ ಗಾಳಿಯೇ ತೇವದಿಂದ ತುಂಬಿರುವುದರಿಂದ ಯಾವ ಹಾಸೂ ತಾನಾಗಿ ಪೂರ್ತಿ ಒಣಗುವುದಿಲ್ಲ. ಭತ್ತದ ಹೊಟ್ಟು ಅಥವಾ ಸುರುಳಿ ಚಕ್ಕೆಗಳನ್ನು ಬಿಟ್ಟು ಬೇರೆಯದನ್ನು ನೆಚ್ಚುವುದು ಅಲ್ಲಿ ಅಪಾಯಕಾರಿ. ಜೊತೆಗೆ ಆಗಾಗ ಬದಲಿಸಲು ಒಣ ಹೊಟ್ಟಿನ ದಾಸ್ತಾನು ಇರಬೇಕು, ಮತ್ತು ಕೋಳಿಗಳ ಸಂಖ್ಯೆಯನ್ನು ಕಡಿಮೆ ಮಾಡಬೇಕು. ಸಾಮಾನ್ಯವಾಗಿ ಮಾಂಸದ ಕೋಳಿಯೊಂದಕ್ಕೆ 1 ಚದರ ಅಡಿ ಜಾಗ ಸಾಕಾದರೆ, ಮಳೆಗಾಲದ ಬ್ಯಾಚಿಗೆ ಅದಕ್ಕಿಂತ ಹೆಚ್ಚು ಜಾಗ ಬಿಡುವುದು ಲೇಸು. ಕೋಳಿ ಕಡಿಮೆಯಾದಷ್ಟೂ ಹಾಸಿಗೆ ಬೀಳುವ ನೀರು ಕಡಿಮೆ.

ಸೋರುವ ಸೂರಿಗೆ ಯಾವ ಹಾಸೂ ಪರಿಹಾರವಲ್ಲ. ಮನೆಯ ಉದ್ದ ಪೂರ್ವ-ಪಶ್ಚಿಮವಾಗಿರಬೇಕು, ಅಗಲ 30 ಅಡಿ ಮೀರಬಾರದು, ಸೂರು ಬದಿಗಳಲ್ಲಿ ಕನಿಷ್ಠ 3 ಅಡಿ ಹೊರಚಾಚಿರಬೇಕು, ನೆಲ ಸುತ್ತಲಿನ ಭೂಮಿಗಿಂತ 1ರಿಂದ 2 ಅಡಿ ಎತ್ತರದಲ್ಲಿರಬೇಕು. ಇರಚಲು ಹೊಡೆಯುವ ಬದಿಗೆ ಪರದೆ ಬೇಕೇ ಬೇಕು. ಆದರೆ ಮಳೆಗಾಲ ಮುಗಿಯುವವರೆಗೆ ಹಗಲಿರುಳು ಪರದೆ ಬಿಟ್ಟೇ ಇರುವುದು ವ್ಯಾಪಕವಾಗಿ ಕಂಡುಬರುವ ತಪ್ಪು. ಪರದೆಯನ್ನು ಕೆಳಗೆ ಬಿಗಿದು ಮೇಲಿನಿಂದ ತೆರೆಯುವಂತೆ ಕಟ್ಟಿ, ಸೂರಿನಡಿ ಒಂದು ಅಡಿಯಷ್ಟು ಸಂದು ಸದಾ ಇರುವಂತೆ ನೋಡಿಕೊಂಡರೆ ಮಳೆ ಒಳಬಾರದೆ ಅನಿಲ ಹೊರಹೋಗುತ್ತದೆ. ಮಳೆ ನಿಂತ ಕೂಡಲೇ ಪರದೆಯನ್ನು ಪೂರ್ತಿ ತೆರೆಯಬೇಕು.

ಕೊಳ್ಳುವಾಗ ಪರೀಕ್ಷಿಸುವ ಕ್ರಮ

ಲಾರಿಯಿಂದ ಇಳಿಸುವ ಮೊದಲೇ ನಾಲ್ಕಾರು ಚೀಲಗಳ ನಡುಭಾಗಕ್ಕೆ ಕೈ ಹಾಕಿ ನೋಡಬೇಕು. ಒಳಗೆ ಬಿಸಿಯಾಗಿದ್ದರೆ, ಮುಗ್ಗಲು ವಾಸನೆ ಬಂದರೆ, ಬಿಳಿ ಅಥವಾ ಹಸಿರು ಎಳೆಗಳು ಕಂಡರೆ ಆ ಸರಕನ್ನು ಸ್ವೀಕರಿಸಬಾರದು. ಅಂತಹದನ್ನು ಒಣಗಿಸಿ ಬಳಸಿದರೂ ಬೂಷ್ಟಿನ ಬೀಜಕಣಗಳು ಉಳಿದಿರುತ್ತವೆ. ಗಾಜು, ಮೊಳೆ, ತಂತಿ ಚೂರುಗಳಿವೆಯೇ ಎಂದೂ ನೋಡತಕ್ಕದ್ದು. ಬೇರೆ ಕೋಳಿ ಮನೆಗಳಲ್ಲಿ ಬಳಸಿದ ಖಾಲಿ ಚೀಲಗಳಲ್ಲಿ ಹೊಟ್ಟು ತುಂಬಿಸಿ ತರಬಾರದು. ರೋಗಾಣುಗಳು ಊರಿಂದೂರಿಗೆ ಸಾಗುವ ಒಂದು ಹಾದಿ ಇದು. 2012ರಲ್ಲಿ ಹೆಸರಘಟ್ಟದಲ್ಲಿ ಮತ್ತು 2020ರಲ್ಲಿ ಮೈಸೂರಿನಲ್ಲಿ ಹಕ್ಕಿ ಜ್ವರ ಕಾಣಿಸಿಕೊಂಡಿತ್ತು. ಈ ರೋಗ ದೃಢಪಟ್ಟಲ್ಲಿ ಕೋಳಿಗಳೊಂದಿಗೆ ಹಾಸು ಮತ್ತು ಆಹಾರವನ್ನೂ ನಾಶಪಡಿಸಬೇಕಾಗುವುದು ಹಾಸಿನ ಮೂಲಕವೂ ಸೋಂಕು ಹರಡಬಲ್ಲದು ಎಂಬ ಕಾರಣಕ್ಕೆ.

ಹಾಸುವ ವಿಧಾನ ಮತ್ತು ಪ್ರಮಾಣ

ಹಳೆಯ ಹಾಸನ್ನು ಸಂಪೂರ್ಣ ತೆಗೆದು, ನೆಲವನ್ನು ತೊಳೆದು, ಸುಣ್ಣ ಬಳಿದು, ಪೂರ್ತಿ ಒಣಗಿದ ನಂತರವೇ ಹೊಸ ಹಾಸನ್ನು ಹರಡಬೇಕು. ಮಾಂಸದ ಕೋಳಿಗಳಿಗೆ ಬೇಸಿಗೆಯಲ್ಲಿ 2 ಅಂಗುಲ, ಚಳಿ ಮತ್ತು ಮಳೆಗಾಲದಲ್ಲಿ 3 ಅಂಗುಲ ದಪ್ಪ ಸಾಕು. 1,000 ಚದರ ಅಡಿಗೆ 2 ಅಂಗುಲ ಹರಡಲು ಸುಮಾರು 500 ಕಿ.ಗ್ರಾಂ., 3 ಅಂಗುಲಕ್ಕೆ ಸುಮಾರು 750 ಕಿ.ಗ್ರಾಂ. ಭತ್ತದ ಹೊಟ್ಟು ಬೇಕಾಗುತ್ತದೆ. ಚೀಲದ ಲೆಕ್ಕಕ್ಕಿಂತ ತೂಕದ ಲೆಕ್ಕದಲ್ಲಿ ಕೊಳ್ಳುವುದು ಒಳ್ಳೆಯದು, ಆದರೆ ಒದ್ದೆ ಹೊಟ್ಟು ತೂಗುವುದೂ ಹೆಚ್ಚು ಎಂಬುದು ನೆನಪಿರಲಿ.

ಮೊಟ್ಟೆಗಾಗಿ ವರ್ಷಪೂರ್ತಿ ನೆಲದ ಮೇಲೆ ಸಾಕುವಲ್ಲಿ 2 ಅಂಗುಲದಿಂದ ಆರಂಭಿಸಿ ಹಂತ ಹಂತವಾಗಿ 6 ಅಂಗುಲಕ್ಕೆ ಏರಿಸುವ ಆಳ ಹಾಸು (ಡೀಪ್ ಲಿಟ್ಟರ್) ಪದ್ಧತಿಯನ್ನು ಅನುಸರಿಸಲಾಗುತ್ತದೆ. ಇದರಲ್ಲಿ ಹಿಕ್ಕೆ ಮತ್ತು ಹೊಟ್ಟು ಸೂಕ್ಷ್ಮಾಣುಗಳಿಂದ ಕಳಿತು ಒಣ ಪುಡಿಯಾಗಲು ಸುಮಾರು ಎರಡು ತಿಂಗಳು ಬೇಕು. ಹಾಗಾಗಿ ಮಳೆಗಾಲಕ್ಕೆ ಕನಿಷ್ಠ ಎರಡು ತಿಂಗಳ ಮೊದಲೇ, ಎಂದರೆ ಮಾರ್ಚ್ ಕೊನೆಯೊಳಗೆ ಆರಂಭಿಸತಕ್ಕದ್ದು. ಜೂನ್‌ನಲ್ಲಿ ಆರಂಭಿಸಿದ ಆಳ ಹಾಸು ಕಳಿಯುವ ಬದಲು ಕೊಳೆಯುತ್ತದೆ.

ಮರಿಗಳು ಬರುವ 24 ಗಂಟೆ ಮೊದಲೇ ಹಾಸು ಹರಡಿ ಶಾಖದ ವ್ಯವಸ್ಥೆಯನ್ನು ಚಾಲನೆಗೊಳಿಸಿದರೆ ಹಾಸು ಬೆಚ್ಚಗಾಗಿರುತ್ತದೆ. ಮೊದಲ ಮೂರು ನಾಲ್ಕು ದಿನ ಹಾಸಿನ ಮೇಲೆ ಕಾಗದ ಹೊದಿಸಿ, ಪ್ರತಿದಿನ ಬದಲಿಸುವುದರಿಂದ ಮರಿಗಳು ಹೊಟ್ಟು ತಿನ್ನುವುದು ತಪ್ಪುತ್ತದೆ. ನುಣುಪು ಕಾಗದದ ಮೇಲೆ ಮರಿಗಳ ಕಾಲು ಜಾರಿ ಸೊಟ್ಟಗಾಗುವುದುಂಟು. ಒರಟು ಕಾಗದವನ್ನೇ ಬಳಸಬೇಕು.

ನಿತ್ಯ ನಿರ್ವಹಣೆ

ಹಾಸು ಮೊದಲು ಕೆಡುವುದು ನೀರಿನ ಪಾತ್ರೆಗಳ ಸುತ್ತ. ಪಾತ್ರೆಯ ಅಂಚು ಕೋಳಿಯ ಬೆನ್ನಿನ ಮಟ್ಟಕ್ಕಿರುವಂತೆ ವಾರವಾರವೂ ಎತ್ತರಿಸಬೇಕು. ನಿಪ್ಪಲ್ ವ್ಯವಸ್ಥೆ ಇದ್ದಲ್ಲಿ ತೊಟ್ಟಿಕ್ಕುವ ನಿಪ್ಪಲುಗಳನ್ನು ಅಂದೇ ಬದಲಿಸಬೇಕು. ಹೆಂಟೆಗಟ್ಟಿದ ಭಾಗವನ್ನು ಪ್ರತಿದಿನ ತೆಗೆದು ಹೊರಹಾಕಿ ಒಣ ಹೊಟ್ಟು ತುಂಬಬೇಕು. ಅದನ್ನು ಒಡೆದು ಉಳಿದ ಹಾಸಿನೊಂದಿಗೆ ಬೆರೆಸಿದರೆ ತೇವ ಮನೆಯೆಲ್ಲ ಹರಡುತ್ತದೆ. ವಾರಕ್ಕೆ ಎರಡು ಬಾರಿ ತಂಪು ಹೊತ್ತಿನಲ್ಲಿ, ಪರದೆಗಳನ್ನು ತೆರೆದು, ಕುಂಟೆಯಿಂದ ಹಾಸನ್ನು ನಿಧಾನವಾಗಿ ಕೆದಕಿ ತಿರುವಿ ಹಾಕಬೇಕು.

ಸುಣ್ಣದ ಬಳಕೆಯ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. ಅರಳಿದ ಸುಣ್ಣದ ಪುಡಿ ತೇವವನ್ನು ಹೀರುವುದು ನಿಜ, ಹಾಗೂ ಹಾಸು ಹರಡುವ ಮೊದಲು ನೆಲಕ್ಕೆ ಹಾಕುವುದು ಉತ್ತಮ ಕ್ರಮ. ಆದರೆ ಮನೆಯಲ್ಲಿ ಕೋಳಿಗಳಿದ್ದು ಅಮೋನಿಯಾ ವಾಸನೆ ಆಗಲೇ ಎದ್ದಿರುವಾಗ ಸುಣ್ಣ ಎರಚಿದರೆ ಹಾಸಿನ ಕ್ಷಾರಗುಣ ಹೆಚ್ಚಿ, ಅದರಲ್ಲಿ ಅಡಗಿರುವ ಅಮೋನಿಯಾ ಒಮ್ಮೆಲೇ ಹೊರಬರುತ್ತದೆ. ಅಂತಹ ಸಂದರ್ಭದಲ್ಲಿ ಪರದೆ ತೆರೆದು, ಒದ್ದೆ ಹಾಸನ್ನು ಹೊರತೆಗೆದು, ಹೊಸ ಹೊಟ್ಟು ಹಾಕುವುದೇ ಸರಿಯಾದ ಮಾರ್ಗ.

ಬಳಸಿದ ಹಾಸಿನ ವಿಲೇವಾರಿ

ಬ್ಯಾಚು ಮುಗಿದ ನಂತರ ತೆಗೆದ ಹಾಸು ಸಾರಜನಕ, ರಂಜಕ ಮತ್ತು ಪೊಟ್ಯಾಷ್ ಅಂಶಗಳಿರುವ ಬೆಲೆಬಾಳುವ ಗೊಬ್ಬರ. ಇದನ್ನು ಮನೆಯಿಂದ ದೂರದಲ್ಲಿ ರಾಶಿ ಹಾಕಿ, ಮಳೆ ತಾಗದಂತೆ ಮುಚ್ಚಿ, ಕಳಿತ ನಂತರವೇ ಹೊಲಕ್ಕೆ ಹಾಕುವುದು ಸೂಕ್ತ. ಹಸಿಯಾಗಿ ಹಾಕಿದರೆ ಎಳೆ ಬೆಳೆ ಸುಡುತ್ತದೆ. ಒದ್ದೆ ರಾಶಿಯಲ್ಲಿ ಬೇಸಿಗೆಯ ಶಾಖಕ್ಕೆ ನೊಣದ ಮೊಟ್ಟೆ ಒಂದೂವರೆ ವಾರದೊಳಗೆ ನೊಣವಾಗುತ್ತದೆ. ಸತ್ತ ಕೋಳಿಗಳನ್ನು ಹಾಸಿನ ರಾಶಿಗೆ ಎಸೆಯಕೂಡದು. ಅಂತಹ ರಾಶಿಯನ್ನು ದನಗಳು ಮೂಸಿ ತಿಂದರೆ ಬಾಟ್ಯುಲಿಸಂ ಎಂಬ ಮಾರಕ ವಿಷಬಾಧೆಗೆ ಒಳಗಾಗುವ ಸಂಭವವಿದೆ.

ಸೌಲಭ್ಯಗಳು

ಕೋಳಿ ಮನೆಯ ನಿರ್ಮಾಣ ಮತ್ತು ಹಾಸಿನ ಬಗ್ಗೆ ಸಲಹೆ ಬಯಸುವವರು ಸಮೀಪದ ಪಶು ಆಸ್ಪತ್ರೆಯ ಪಶುವೈದ್ಯಾಧಿಕಾರಿಗಳನ್ನು, ಅಥವಾ ತಾಲ್ಲೂಕು ಮಟ್ಟದಲ್ಲಿ ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆಯ ಸಹಾಯಕ ನಿರ್ದೇಶಕರನ್ನು ಸಂಪರ್ಕಿಸಬಹುದು. ಹೊಸದಾಗಿ ಸಾಕಾಣಿಕೆ ಆರಂಭಿಸುವವರಿಗೆ ಹೆಸರಘಟ್ಟದ ಕೇಂದ್ರೀಯ ಕೋಳಿ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆಯಲ್ಲಿ ತರಬೇತಿ ನೀಡಲಾಗುತ್ತದೆ. ಮರಿಗಳು ಅಸಹಜವಾಗಿ ಸಾಯುತ್ತಿದ್ದು ಹಾಸಿನ ಬೂಷ್ಟು ಅಥವಾ ರಕ್ತಭೇದಿಯ ಸಂಶಯವಿದ್ದಲ್ಲಿ, ಸ್ಥಳೀಯ ಪಶುವೈದ್ಯಾಧಿಕಾರಿಗಳ ಮೂಲಕ ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಗೆ ಮಾದರಿ ಕಳುಹಿಸಿ ಪರೀಕ್ಷೆ ಮಾಡಿಸಬಹುದಾಗಿದೆ. ಆಸ್ಪತ್ರೆಗೆ ಬರುವಾಗ ಹೊಸದಾಗಿ ಸತ್ತ ಮರಿಗಳನ್ನು ಸೋರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮನೆಯ ಮಧ್ಯಭಾಗದಿಂದ ಮತ್ತು ನೀರಿನ ಪಾತ್ರೆಯ ಬಳಿಯಿಂದ ತೆಗೆದ ಹಾಸನ್ನು ಬೇರೆ ಬೇರೆ ಚೀಲಗಳಲ್ಲಿ ಹಾಕಿ, ಹಾಸು ಹರಡಿದ ದಿನಾಂಕ ಮತ್ತು ಅದನ್ನು ಎಲ್ಲಿಂದ ತರಲಾಯಿತು ಎಂಬ ವಿವರವನ್ನು ಬರೆದು ತರತಕ್ಕದ್ದು.